ಶಾಸನದಿಂದ ಶಾಸನಕ್ಕೆ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಪ್ರಾಚೀನ ಕಟ್ಟಡಗಳೂ ಕಾಯಿದೆಯೂ

ಕನ್ನಡದಲ್ಲಿ ‘ಶಾಸನ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೆ ಅಥವಾ ತಾಮ್ರದ ಹಲಗೆಯ ಮೇಲೆ ಕೊರೆಸಿದ ಬರಹ ಒಂದು. ರಾಜ್ಯವು ವಿಧಿಸುವ ಕಟ್ಟಳೆ ಇನ್ನೊಂದು. ಶಾಸನತಜ್ಞ ಎಂದಾಗ ಮೊದಲನೆಯ ಅರ್ಥವೂ ಶಾಸನಸಭೆ ಎಂದಾಗ ಎರಡನೆಯ ಅರ್ಥವೂ ಯಾವ ವಿವರಣೆಯೂ ಇಲ್ಲದೆ ಓದುಗರ ಮನಸ್ಸಿಗೆ ಹೊಳೆಯುತ್ತವೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಈ ಎರಡು ಅರ್ಥಗಳೂ ಕೆಲವೇ ಹೆಜ್ಜೆಗಳ ಅಂತರದಲ್ಲಿ ನಮಗೆ ಎದುರಾಗುವುವು. ಕೇಶವ ದೇವಾಲಯದ ಮಹಾದ್ವಾರದ ಬಳಿ ಹೊಯ್ಸಳರ ಕಾಲದ ಎತ್ತರವಾದ ಶಿಲಾಶಾಸನ ನಿಂತಿದೆ. ಅಲ್ಲಿಯೇ ಭಾರತ ಸರ್ಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೀಲಿ ಫಲಕವೂ ಇದೆ. ಈ ಸ್ಮಾರಕವು 1958ರ ಕಾಯಿದೆಯ ಪ್ರಕಾರ ರಾಷ್ಟ್ರೀಯ ಪ್ರಾಮುಖ್ಯವುಳ್ಳದ್ದೆಂದೂ, ಇದನ್ನು ಹಾಳುಗೆಡವಿದವರು ದಂಡನೆಗೆ ಗುರಿಯಾಗುವರೆಂದೂ ಅದು ಸಾರುತ್ತದೆ. ಒಂದು ಶಾಸನ ದಾನವನ್ನು ಕಾಯಲು ಹುಟ್ಟಿದುದು, ಮತ್ತೊಂದು ಕಲ್ಲನ್ನು ಕಾಯಲು ಹುಟ್ಟಿದುದು. ಈ ಎರಡರ ನಡುವಣ ದಾರಿಯನ್ನು ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳ ಕೆಲವು ಕಟ್ಟಡಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಳೆಯ ಕಟ್ಟಳೆಯನ್ನು ನೋಡೋಣ. ನಮ್ಮ ದಾನಶಾಸನಗಳು ಸಾಮಾನ್ಯವಾಗಿ ಶಾಪಾಶಯದಲ್ಲಿ ಮುಗಿಯುತ್ತವೆ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನು. ಅವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದು. ಕೊಡುವುದು, ಕೊಟ್ಟುದನ್ನು ಪಾಲಿಸುವುದು ಇವೆರಡರಲ್ಲಿ ಪಾಲಿಸುವುದೇ ಮಿಗಿಲು. ಹೀಗೆ ಪಾಲನೆಗೆ ದಾನಕ್ಕಿಂತ ಮೇಲಾದ ಸ್ಥಾನವನ್ನು ಕೊಟ್ಟಿರುವುದು ಗಮನಾರ್ಹ. ಆದರೆ ಪಾಲಿಸಬೇಕಾದುದು ಯಾವುದು? ಶಾಸನಗಳು ಹೇಳುವುದು ಭೂಮಿಯನ್ನು, ನಂದಾದೀಪದ ಎಣ್ಣೆಯನ್ನು, ನೈವೇದ್ಯದ ಅಕ್ಕಿಯನ್ನು, ಬ್ರಾಹ್ಮಣರ ವೃತ್ತಿಗಳನ್ನು. ಗೋಡೆಯ ಶಿಲ್ಪ ಬದಲಾಗದೆ ಉಳಿಯಬೇಕೆಂಬ ಅಪೇಕ್ಷೆ ಅವುಗಳಲ್ಲಿ ಕಾಣುವುದಿಲ್ಲ. ಕಟ್ಟಡವು ಧರ್ಮದ ಆಧಾರವೇ ಹೊರತು ಅದೇ ಧರ್ಮವಲ್ಲ. ಶಿಥಿಲವಾದರೆ ಜೀರ್ಣೋದ್ಧಾರ ಮಾಡಬೇಕು. ಹಳೆಯದನ್ನು ತೆಗೆದು ಹೊಸದನ್ನು ಕಟ್ಟಿದರೂ ಅದು ಪುಣ್ಯವೇ.

ಈ ಮಾತಿಗೆ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕಪಿಲಾ ನದಿಯ ಬಲದಂಡೆಯಲ್ಲಿರುವ ಈ ಗುಡಿ 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳುಳ್ಳದ್ದೆಂದು ಹಳೆಯ ಗೆಜೆಟಿಯರು ಲೆಕ್ಕ ಕೊಡುತ್ತದೆ. ಇಷ್ಟು ವಿಸ್ತಾರವು ಒಂದು ಕಾಲದಲ್ಲಿ, ಒಬ್ಬ ಕರ್ತೃವಿನಿಂದ ಆದುದಲ್ಲ. ಪ್ರಾಚೀನವಾದ ಒಂದು ಗರ್ಭಗೃಹದ ಸುತ್ತ ಒಂದೊಂದು ತಲೆಮಾರೂ ತನ್ನ ಪಾಲನ್ನು ಸೇರಿಸುತ್ತ ಬಂದಿತು. ಏಳು ನೆಲೆಯ ಮಹಾಗೋಪುರವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಅವರ ರಾಣಿಯವರ ಸೇವೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾಯಿತೆಂದೂ, ಅದರಿಂದ ಆತನು ಸ್ವಾಮಿಯನ್ನು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಪ್ರತೀತಿ. ಒಡೆಯರ ಕಾಲದಲ್ಲಿ ಈಗಿನ ಕಾಯಿದೆಯು ಇದ್ದು ಅದನ್ನು ಅಕ್ಷರಶಃ ನಡೆಸಿದ್ದರೆ ಆ ಗೋಪುರ ಏಳುತ್ತಲೇ ಇರಲಿಲ್ಲ! ಇದು ವಿನೋದದ ಮಾತಾದರೂ ಇದರೊಳಗೆ ಒಂದು ನಿಜವಾದ ತೊಡಕಿದೆ. ನಾವು ಇಂದು ಉಳಿಸಬೇಕೆನ್ನುವ ಕಟ್ಟಡವು, ಹಿಂದಿನವರು ತಮಗಿಂತ ಹಿಂದಿನದನ್ನು ಇದ್ದಂತೆಯೇ ಉಳಿಸದೆ ಬೆಳೆಸಿದುದರ ಫಲವಾಗಿದೆ.

ಹಳೆಯ ಕಟ್ಟಳೆಗೆ ಒಂದು ದೊಡ್ಡ ಮಿತಿಯೂ ಇದ್ದಿತು. ಪೂಜೆ ನಿಂತ ಗುಡಿಯನ್ನು ಅದು ಕಾಪಾಡಲಾರದು. ಸೋಮನಾಥಪುರದ ಕಥೆಯೇ ಇದಕ್ಕೆ ಸಾಕ್ಷಿ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು ಸ್ಥಾಪಿಸಿ, 1268ರಲ್ಲಿ ಈ ತ್ರಿಕೂಟಾಲಯವನ್ನು ಪೂರೈಸಿದನು. ದತ್ತಿಗಳೂ ಉದಾರವಾಗಿದ್ದುವು. ಕಾಲಾನಂತರ ಅಗ್ರಹಾರ ಕ್ಷೀಣಿಸಿತು, ವಿಗ್ರಹಗಳು ಭಿನ್ನವಾದುವು, ಮೂಲ ಕೇಶವಮೂರ್ತಿ ಕಣ್ಮರೆಯಾಯಿತು. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದೆಂಬುದು ಶಾಸ್ತ್ರ. ಪೂಜೆ ಇಲ್ಲವಾದ ಮೇಲೆ ದೀಪವಿಲ್ಲ. ದೀಪವಿಲ್ಲದ ಮೇಲೆ ಅದರ ಎಣ್ಣೆಯ ಭೂಮಿಯನ್ನು ಕಾಯುವ ಶಾಪಕ್ಕೂ ಕೆಲಸವಿಲ್ಲ. ಮಲ್ಲಿತಮ್ಮನೇ ಮೊದಲಾದ ರೂವಾರಿಗಳು ತಮ್ಮ ಹೆಸರನ್ನು ಪೀಠದ ಮೇಲೆ ಕೆತ್ತಿ ಹೋದ ಆ ಪ್ರತಿಮೆಗಳು ಯಾರ ರಕ್ಷಣೆಯೂ ಇಲ್ಲದೆ ನಿಂತುವು. ಅವುಗಳಿಗೆ ಬೆಲೆಯುಂಟು, ಪೂಜೆ ಇಲ್ಲದಿದ್ದರೂ ಉಂಟು, ಎಂದು ಹೇಳುವುದಕ್ಕೆ ಬೇರೊಂದು ದೃಷ್ಟಿಯೇ ಬೇಕಾಗಿತ್ತು.

ಆ ದೃಷ್ಟಿ ಮೈಸೂರಿಗೆ ಬಂದುದು ಕಲ್ಲಿನ ಬರಹದ ಮೂಲಕ. 1885ರಲ್ಲಿ ಬಿ. ಎಲ್. ರೈಸ್ ಅವರು ಸಂಸ್ಥಾನದ ಪುರಾತತ್ವ ಶೋಧನೆಗಳ ನಿರ್ದೇಶಕರಾದರು. ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ 1894ರಲ್ಲಿ ಪ್ರಕಟವಾಯಿತು, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ರೈಸ್ ಅವರ ಮುಖ್ಯ ಲಕ್ಷ್ಯ ಲಿಪಿಯ ಮೇಲಿದ್ದಿತು. ಕಟ್ಟಡವನ್ನು ಕಟ್ಟಡವಾಗಿಯೇ ನೋಡಿ ಬರೆಯುವ ಪದ್ಧತಿಯನ್ನು ಬೆಳೆಸಿದವರು ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು. ಮೈಸೂರು ಪುರಾತತ್ವ ಮಾಲೆಯ ಮೊದಲ ಗ್ರಂಥವಾಗಿ 1917ರಲ್ಲಿ ಅವರು ಹೊರತಂದುದು ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತ ಪುಸ್ತಕವೇ ಎಂಬುದು ನಮ್ಮ ವಿಷಯಕ್ಕೆ ಸಂಬಂಧಿಸಿದ ಮಾತು. ಕಾಯಿದೆಗಿಂತ ಮೊದಲು ವಿದ್ವಾಂಸರ ಕಣ್ಣು ಬಂದಿತು. ಯಾವುದನ್ನು ಕಾಪಾಡಬೇಕೆಂದು ತಿಳಿಯದೆ ಯಾವ ಕಾಯಿದೆಯೂ ಕಾಪಾಡಲಾರದಷ್ಟೆ.

ಬ್ರಿಟಿಷ್ ಇಂಡಿಯಾಕ್ಕೆ 1904ರಲ್ಲಿಯೇ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಆಗಿದ್ದಿತು. ಮೈಸೂರು ದೇಶೀಯ ಸಂಸ್ಥಾನವಾದುದರಿಂದ ಅದು ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿತ್ತು. ತಲಕಾಡಿಗೆ ಸಮೀಪದ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಅಲ್ಲಿನ ಗುಡಿಗಳು ಕಾಯಿದೆಯ ವ್ಯಾಪ್ತಿಯಲ್ಲಿದ್ದುವು. ಗಡಿಯ ಈಚೆಗಿನ ತಲಕಾಡು, ಸೋಮನಾಥಪುರಗಳಿಗೆ ಅಂತಹ ಕಾಯಿದೆ ಇರಲಿಲ್ಲ. ಈ ಕೊರತೆಯನ್ನು ತುಂಬಿದುದು 1925ರ ಮೈಸೂರು ಪ್ರಾಚೀನ ಸ್ಮಾರಕ ಸಂರಕ್ಷಣಾ ರೆಗ್ಯುಲೇಷನ್.

1904ರ ಕಾಯಿದೆಯ ಒಂದು ಅಂಶವನ್ನು ಇಲ್ಲಿ ಮರೆಯಬಾರದು. ಹಾಳಾಗುತ್ತಿರುವ ಸ್ಮಾರಕವನ್ನು ಸರ್ಕಾರವು ಬಲವಂತವಾಗಿ ಕೊಳ್ಳಬಹುದೆಂದು ಹೇಳಿದ ಹತ್ತನೆಯ ಪ್ರಕರಣವೇ, ನಿಯತಕಾಲಗಳಲ್ಲಿ ಧಾರ್ಮಿಕ ಆಚರಣೆ ನಡೆಯುವ ಸ್ಮಾರಕಕ್ಕೆ ಈ ಅಧಿಕಾರವು ಸಲ್ಲದೆಂದೂ ಹೇಳಿತು. 1857ರ ಅನುಭವದ ಮೇಲೆ, ಜನರ ದೇವಸ್ಥಾನಗಳಲ್ಲಿ ಕೈಹಾಕಬಾರದೆಂದು ಸರ್ಕಾರ ನಿಶ್ಚಯಿಸಿದ್ದುದೇ ಇದಕ್ಕೆ ಕಾರಣವೆಂದು ಊಹಿಸಬಹುದು. ಪೂಜೆ ಇರುವ ಗುಡಿ, ಪೂಜೆ ಇಲ್ಲದ ಗುಡಿ ಎಂಬ ಈ ಭೇದವು ಅಲ್ಲಿಂದ ಮುಂದೆ ಇಂಡಿಯಾದ ಸಂರಕ್ಷಣೆಯ ಬೆನ್ನು ಬಿಡಲಿಲ್ಲ. ಒಂದನ್ನು ಪುರಾತತ್ವ ಇಲಾಖೆಯೂ ಮತ್ತೊಂದನ್ನು ಮುಜರಾಯಿ ಇಲಾಖೆಯೂ ನೋಡಿಕೊಳ್ಳುವುದು ವಾಡಿಕೆಯಾಯಿತು.

ಸ್ವಾತಂತ್ರ್ಯಾನಂತರದ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸಂವಿಧಾನದ 49ನೆಯ ಅನುಚ್ಛೇದವು ರಾಷ್ಟ್ರೀಯ ಪ್ರಾಮುಖ್ಯದ ಸ್ಮಾರಕಗಳ ರಕ್ಷಣೆಯನ್ನು ರಾಜ್ಯದ ಹೊಣೆಯೆಂದಿತು. ಅಧಿಕಾರವು ಮೂರು ಪಟ್ಟಿಗಳಲ್ಲಿ ಹಂಚಿಹೋಯಿತು: ರಾಷ್ಟ್ರೀಯ ಪ್ರಾಮುಖ್ಯವುಳ್ಳವು ಕೇಂದ್ರಕ್ಕೆ, ಉಳಿದ ಪ್ರಾಚೀನ ಸ್ಮಾರಕಗಳು ರಾಜ್ಯಕ್ಕೆ, ಉಳಿದ ಪುರಾತತ್ವ ನಿವೇಶನಗಳು ಸಮವರ್ತಿ ಪಟ್ಟಿಗೆ. 1951ರ ಕಾಯಿದೆಯ ಬಳಿಕ 1958ರ ಕೇಂದ್ರ ಕಾಯಿದೆಯೂ, ರಾಜ್ಯದಲ್ಲಿ 1961ರ ಕಾಯಿದೆಯೂ (1962ರ 7ನೆಯ ಕಾಯಿದೆ) ಬಂದುವು. ಕನಿಷ್ಠ ನೂರು ವರ್ಷ ಹಳೆಯದಾದುದು ಪ್ರಾಚೀನ ಸ್ಮಾರಕವೆನಿಸಬಹುದೆಂದು 1958ರ ಕಾಯಿದೆ ಗೆರೆ ಎಳೆಯಿತು. ಆದರೆ ನೂರು ವರ್ಷವಾದೊಡನೆ ರಕ್ಷಣೆ ತಾನಾಗಿ ಬರುವುದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು, ಅದು ತಪ್ಪು. ಸರ್ಕಾರವು ಎರಡು ತಿಂಗಳ ಮುನ್ಸೂಚನೆಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಅದರ ಪ್ರತಿಯನ್ನು ಸ್ಮಾರಕದ ಬಳಿ ಅಂಟಿಸಿ, ಆಕ್ಷೇಪಣೆಗಳನ್ನು ಕೇಳಿ, ಅನಂತರ ಅಧಿಸೂಚನೆ ಹೊರಡಿಸಬೇಕು. ಪಟ್ಟಿಗೆ ಸೇರದ ಗುಡಿಯು ಎಷ್ಟೇ ಹಳೆಯದಾದರೂ ಕಾಯಿದೆಯ ಕಣ್ಣಿಗೆ ಕೇವಲ ಒಂದು ಕಟ್ಟಡ.

ಪಟ್ಟಿಗೆ ಸೇರಿದ ಕಟ್ಟಡದ ಪಾಡೇನು? ಸೋಮನಾಥಪುರವು ಈ ದೃಷ್ಟಿಯಿಂದ ಭಾಗ್ಯಶಾಲಿ. ಬೇಲೂರು, ಹಳೇಬೀಡುಗಳ ದೇವಾಲಯಗಳೊಡನೆ ಅದು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿತು. ಅಲ್ಲಿ ಹುಲ್ಲುಹಾಸು ಚೊಕ್ಕಟವಾಗಿದೆ, ಗೋಡೆ ಶುಭ್ರವಾಗಿದೆ, ಕಲ್ಲು ಮಾತ್ರ ಮಾತನಾಡುತ್ತದೆ. ಆದರೆ ಕಾಯಿದೆಯ ತೂಕ ಬೀಳುವುದು ಕಲ್ಲಿನ ಮೇಲೆ ಅಲ್ಲ, ಸುತ್ತಣ ಊರಿನ ಮೇಲೆ. 1992ರ ಜೂನ್ 16ರ ಅಧಿಸೂಚನೆಯಿಂದ, ಸಂರಕ್ಷಿತ ಎಲ್ಲೆಯಿಂದ ನೂರು ಮೀಟರಿನವರೆಗಿನ ಪ್ರದೇಶ ನಿಷೇಧಿತವೆಂದೂ, ಅದರಾಚೆ ಇನ್ನೂರು ಮೀಟರು ನಿಯಂತ್ರಿತವೆಂದೂ ಆಯಿತು. 2010ರ ತಿದ್ದುಪಡಿಯು ಇದನ್ನು ಕಾಯಿದೆಯೊಳಗೇ ಸೇರಿಸಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ರಚಿಸಿ, ಶಿಕ್ಷೆಯನ್ನು ಮೂರು ತಿಂಗಳಿನಿಂದ ಎರಡು ವರ್ಷಕ್ಕೂ, ದಂಡವನ್ನು ಐದು ಸಾವಿರ ರೂಪಾಯಿನಿಂದ ಒಂದು ಲಕ್ಷಕ್ಕೂ ಏರಿಸಿತು. 1992ರ ಆ ದಿನಕ್ಕೆ ಮೊದಲು ಇದ್ದ ಮನೆಗೆ ದುರಸ್ತಿ ಮಾಡಿಸಲು ಒಡೆಯನು ಅರ್ಜಿ ಹಾಕಬಹುದು. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಮಗನಿಗೆ ಮದುವೆಯಾಯಿತು, ಮೇಲೊಂದು ಕೋಣೆ ಬೇಕು ಎನ್ನುವ ರೈತನಿಗೆ ಹೊಯ್ಸಳ ಶಿಲ್ಪದ ಮಹಿಮೆಯನ್ನು ವಿವರಿಸುವುದು ಸುಲಭವಲ್ಲ. ಸ್ಮಾರಕದ ಸುತ್ತ ಬಹುಮಹಡಿಯ ಕಟ್ಟಡಗಳು ಎದ್ದು ಅದನ್ನು ನುಂಗದಂತೆ ತಡೆಯಲು ಈ ವಲಯ ಅಗತ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ದೆಹಲಿಗೂ ಸೋಮನಾಥಪುರಕ್ಕೂ ಒಂದೇ ಮೀಟರುಪಟ್ಟಿ ಸರಿಯೆಂದು ಒಪ್ಪುವುದು ಕಷ್ಟ. ಆಯಾ ಸ್ಮಾರಕಕ್ಕೆ ತಕ್ಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿಯೇ ಹೇಳಿರುವುದು ಈ ತೊಡಕನ್ನು ಅರಿತೇ ಇರಬೇಕು.

ನಂಜನಗೂಡಿನಲ್ಲಿ ಸಮಸ್ಯೆಯ ಮುಖವೇ ಬೇರೆ. ಶ್ರೀಕಂಠೇಶ್ವರನ ಗುಡಿಯ ನಿತ್ಯದ ಆಡಳಿತ ಮುಜರಾಯಿಗೆ ಸೇರಿದುದು. ಮೈಸೂರಿನ 1927ರ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯಿದೆ, ಅದರ ಬಳಿಕ 2003ರಲ್ಲಿ ಜಾರಿಗೆ ಬಂದ 1997ರ ಕಾಯಿದೆ, ಇವು ದೇವಾಲಯವನ್ನು ಒಂದು ಸಂಸ್ಥೆಯೆಂದು ಕಾಣುತ್ತವೆ. ಅರ್ಚಕರ ನೇಮಕ, ಹುಂಡಿಯ ಲೆಕ್ಕ, ಆಭರಣಗಳ ಪಟ್ಟಿ, ಜಾತ್ರೆಯ ವ್ಯವಸ್ಥೆ, ಭಕ್ತರ ಅನುಕೂಲ ಇವು ಅದರ ಮುಖ್ಯ ವಿಷಯಗಳು. ಪ್ರಾಚೀನ ಶಾಸನಗಳ ದೃಷ್ಟಿಗೂ ಇದಕ್ಕೂ ಹತ್ತಿರದ ನೆಂಟತನವಿದೆ. ದೀಪದ ಎಣ್ಣೆಯ ಬದಲು ಹುಂಡಿಯ ಲೆಕ್ಕ ಬಂದಿದೆ ಅಷ್ಟೆ. ಸಾವಿರಾರು ಜನ ಬರುವಲ್ಲಿ ನೆರಳು ಬೇಕು, ಸಾಲಿಗೆ ಕಟಕಟೆ ಬೇಕು, ಕಾಲು ಜಾರದ ನೆಲ ಬೇಕು. ಇವು ನ್ಯಾಯವಾದ ಬೇಡಿಕೆಗಳೇ. ಆದರೆ ಒಂದೊಂದು ಅನುಕೂಲವೂ ಕಂಬದಲ್ಲಿ ಒಂದೊಂದು ಮೊಳೆಯಾಗಿ ಉಳಿಯುತ್ತದೆ. ನಾವು ಈ ಎರಡು ತಾಲ್ಲೂಕುಗಳ ಸಣ್ಣ ಊರುಗಳಲ್ಲಿ ತಿರುಗಿದಾಗ, ಶಾಸನದ ಕಲ್ಲಿನ ಅಕ್ಷರಗಳು ಬಣ್ಣದಡಿಯಲ್ಲಿ ಮುಚ್ಚಿಹೋಗಿರುವುದನ್ನೂ, ಹಳೆಯ ಚಪ್ಪಡಿಯ ಮೇಲೆ ಹೊಳಪಿನ ಬಿಲ್ಲೆಗಳನ್ನು ಹಾಸಿರುವುದನ್ನೂ ಕಂಡಿದ್ದೇವೆ. ಹಾಗೆ ಮಾಡಿದವರು ದೇವದ್ರೋಹಿಗಳಲ್ಲ, ಭಕ್ತರು. ತಮ್ಮ ಹಿರಿಯರು ಮಾಡಿದಂತೆಯೇ ಜೀರ್ಣೋದ್ಧಾರ ಮಾಡಿದೆವೆಂದು ಅವರ ಭಾವನೆ. ಹಿಂದಿನ ಜೀರ್ಣೋದ್ಧಾರಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವೆಂದರೆ, ಅಂದು ಕಲ್ಲಿನ ಕೆಲಸ ಬಲ್ಲವನು ಕಲ್ಲನ್ನೇ ಬಳಸುತ್ತಿದ್ದನು. ಇಂದು ಸಿಮೆಂಟು ಎಲ್ಲರ ಕೈಗೂ ಸಿಗುತ್ತದೆ.

ಎರಡು ಇಲಾಖೆಗಳೂ ಒಂದೇ ಗುಡಿಯಲ್ಲಿ ಇರಬಾರದೆಂದೇನೂ ಇಲ್ಲ. ಬೇಲೂರಿನಲ್ಲಿ ಪೂಜೆಯೂ ನಡೆಯುತ್ತದೆ, ಪುರಾತತ್ವ ಇಲಾಖೆಯ ಸಂರಕ್ಷಣೆಯೂ ಇದೆ. 1958ರ ಕಾಯಿದೆಯ 16ನೆಯ ಪ್ರಕರಣವು, ಸಂರಕ್ಷಿತ ಸ್ಮಾರಕವು ಪೂಜಾಸ್ಥಾನವಾಗಿದ್ದರೆ ಅದರ ಸ್ವಭಾವಕ್ಕೆ ವಿರುದ್ಧವಾದ ಉಪಯೋಗ ಕೂಡದೆಂದು ಹೇಳಿ, ಪೂಜೆಗೆ ಮಾನ್ಯತೆ ಕೊಟ್ಟಿದೆ. ಆದರೂ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹರಿಯುವ ಬೀದಿಯನ್ನು ಯಾವ ಪ್ರಕರಣ ಕಾಯುವುದು? ತೇರು, ತೇರಿನ ಬೀದಿ, ಬೀದಿಯ ಇಕ್ಕೆಲದ ಜಗಲಿಯ ಮನೆಗಳು, ಹೊಳೆಯ ಸೋಪಾನ ಇವೆಲ್ಲ ಕೂಡಿಯೇ ಆ ಕ್ಷೇತ್ರ. ಸ್ಮಾರಕದ ಕಾಯಿದೆ ಗೋಡೆಯ ಬಳಿ ನಿಲ್ಲುತ್ತದೆ. ಮುಜರಾಯಿಯ ಕಾಯಿದೆ ಹೊಸ್ತಿಲ ಬಳಿ ನಿಲ್ಲುತ್ತದೆ.

ತಲಕಾಡಿನಲ್ಲಿ ಕಾಯಿದೆಗಿಂತ ಮೊದಲೇ ಕಾವಲಿಗೆ ಬಂದುದು ಮರಳು. ಚೋಳರನ್ನು ಗೆದ್ದ ವಿಷ್ಣುವರ್ಧನನು 1117ರ ಹೊತ್ತಿಗೆ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವೂ ಪಂಚಲಿಂಗಗಳ ಗುಡಿಗಳಲ್ಲಿ ಹಲವೂ ಮರಳಿನಡಿ ಹೂತುಹೋಗಿದ್ದುವು. ಶಾಸನಗಳ ಶಾಪಾಶಯವನ್ನೆಲ್ಲ ಮರೆತ ಜನ ಅಲಮೇಲಮ್ಮನ ಶಾಪವನ್ನು ಮಾತ್ರ ಮರೆಯಲಿಲ್ಲ. ಮಾಧವಮಂತ್ರಿಯ ಕಟ್ಟೆಯಿಂದ ಹೊಳೆಯ ಪಾತ್ರ ಬತ್ತಿ, ತೆರೆದ ಮರಳು ಗಾಳಿಗೆ ಎದ್ದು ಊರನ್ನು ಮುಚ್ಚಿತೆಂದು ಕೆ. ಎನ್. ಗಣೇಶಯ್ಯನವರು 2007ರಲ್ಲಿ ವಾದಿಸಿದ್ದಾರೆ. ಕಾರಣ ಏನೇ ಇರಲಿ, ಮರಳು ಒಳಗಿನ ಶಿಲ್ಪವನ್ನು ಮನುಷ್ಯನ ಕೈಯಿಂದ ದೂರವಿಟ್ಟಿತು. ಕಣ್ಣಿಗೆ ಕಾಣದೆ ನೆಲದೊಳಗಿರುವುದನ್ನೂ ಪುರಾತತ್ವ ನಿವೇಶನವೆಂದು ಕಾಯಿದೆ ರಕ್ಷಿಸುತ್ತದೆಂಬುದನ್ನು ಇಲ್ಲಿ ನೆನೆಯಬೇಕು.

ಗುಡಿಗಳ ಮಾತು ಹೀಗಾದರೆ, ದೇವರೂ ಇಲ್ಲದ ದೊರೆಯೂ ಇಲ್ಲದ ಕಟ್ಟಡದ ಗತಿಯೇನು? ನಂಜನಗೂಡಿನ ಬಳಿ ಕಪಿಲೆಗೆ ಅಡ್ಡಲಾಗಿ ಕಲ್ಲಿನ ಕಮಾನುಗಳ ಹಳೆಯ ಸೇತುವೆಯಿದೆ. ಅದನ್ನು 1735ರಲ್ಲಿ ಕಟ್ಟಿಸಿದವನು ದಳವಾಯಿ ದೇವರಾಜಯ್ಯ; ಇದೇ ತಾಲ್ಲೂಕಿನ ಕಳಲೆಯ ಮನೆತನದವನು. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ ಮುಂದೆ ರೈಲನ್ನೂ ಹೊತ್ತಿತು. ಒಂದು ಪಕ್ಕದಲ್ಲಿ ರಸ್ತೆ, ಇನ್ನೊಂದು ಪಕ್ಕದಲ್ಲಿ ಮೀಟರ್ ಗೇಜ್ ಹಳಿ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಗೇಜ್ ಪರಿವರ್ತನೆಯಾದಾಗ ಹೊಸ ಸೇತುವೆ ಬಂದು ಹಳೆಯದಕ್ಕೆ ಬಿಡುವು ದೊರೆಯಿತು. ರೈಲ್ವೆ ಇಲಾಖೆ ಇದನ್ನು ತನ್ನ ಪರಂಪರೆಯ ಕಟ್ಟಡವೆಂದು ಸಾರಿದೆ, ಸ್ತುತ್ಯವಾದ ಕೆಲಸ. ಆದರೆ ಇಲಾಖೆಯ ಘೋಷಣೆಯು ಕಾಯಿದೆಯ ಅಧಿಸೂಚನೆಗೆ ಸಮನಲ್ಲವೆಂಬುದನ್ನು ತಿಳಿದಿರಬೇಕು. ಅಧಿಸೂಚನೆಯನ್ನು ಮೀರಿದವನಿಗೆ ಶಿಕ್ಷೆಯುಂಟು. ಘೋಷಣೆಯನ್ನು ಮರೆತವನಿಗೆ ಏನೂ ಇಲ್ಲ. ವಾಸ್ತವವಾಗಿ ಈ ಸೇತುವೆಯನ್ನು ಎರಡೂವರೆ ಶತಮಾನಕ್ಕೂ ಮಿಗಿಲಾಗಿ ಕಾಪಾಡಿದುದು ಕಾಯಿದೆಯಲ್ಲ, ಉಪಯೋಗ. ಉಪಯೋಗ ನಿಂತ ಮೇಲೆ ಅದರ ಸ್ಥಿತಿ ಪೂಜೆ ನಿಂತ ಸೋಮನಾಥಪುರದಂತೆಯೇ. ರಾಜ್ಯದ ನಗರ ಯೋಜನಾ ಕಾಯಿದೆಗೆ ತಿದ್ದುಪಡಿಯಾಗಿ ಪಾರಂಪರಿಕ ಕಟ್ಟಡ ಎಂಬ ಹೊಸ ವರ್ಗ ಸೇರಿರುವುದು ಇಂತಹವುಗಳಿಗೆ ಒಂದು ದಾರಿ. ಸ್ಥಳೀಯ ಪ್ರಾಧಿಕಾರವು ಪಟ್ಟಿ ಮಾಡಿದರೆ ಮಾತ್ರ ಆ ದಾರಿ ತೆರೆಯುವುದು.

ಈ ಎಲ್ಲ ತೊಡಕುಗಳೂ ಒಂದೇ ದಿನ ಬೀದಿಗೆ ಬಂದುದು 2021ರ ಸೆಪ್ಟೆಂಬರಿನಲ್ಲಿ. ಸಾರ್ವಜನಿಕ ಸ್ಥಳಗಳಲ್ಲಿ ಅನಧಿಕೃತವಾಗಿ ಕಟ್ಟಿದ ಧಾರ್ಮಿಕ ಕಟ್ಟಡಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಸೆಪ್ಟೆಂಬರ್ 29ರಂದು ಆಜ್ಞೆ ಮಾಡಿ, ಹೊಸದಕ್ಕೆ ಎಡೆಗೊಡಬಾರದೆಂದೂ, ಇರುವುದನ್ನು ಒಂದೊಂದಾಗಿ ಪರಿಶೀಲಿಸಬೇಕೆಂದೂ ರಾಜ್ಯಗಳಿಗೆ ತಿಳಿಸಿತ್ತು. ಆ ಆಜ್ಞೆಯನ್ನು ನಡೆಸುವ ಕ್ರಮದಲ್ಲಿ, ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮನ ಗುಡಿಯನ್ನು ಕೆಡವಲಾಯಿತು. ಗುಡಿ ಬಹು ಪುರಾತನವೆಂದು ಊರಿನವರು ಹೇಳಿದರು. ಅನಧಿಕೃತವೆಂದು ಪಟ್ಟಿ ಹೇಳಿತು. ರಾಜ್ಯದಾದ್ಯಂತ ಆಕ್ರೋಶ ಎದ್ದಿತು. ಅದೇ ತಿಂಗಳಲ್ಲಿ ವಿಧಾನಮಂಡಲವು ಕರ್ನಾಟಕ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಈ ಕಾಯಿದೆ ಜಾರಿಗೆ ಬಂದ ದಿನ ಸಾರ್ವಜನಿಕ ಸ್ಥಳದಲ್ಲಿದ್ದ ದೇವಾಲಯ, ಮಸೀದಿ, ಚರ್ಚು ಮುಂತಾದ ಧಾರ್ಮಿಕ ಕಟ್ಟಡಗಳಿಗೆ ರಕ್ಷಣೆ ದೊರೆಯಿತು. ತೆರವಿನ ಮೊಕದ್ದಮೆ ನ್ಯಾಯಾಲಯದಲ್ಲಿ ಬಾಕಿಯಿರುವವುಗಳಿಗೆ ಮಾತ್ರ ಇಲ್ಲ.

ಇದರ ರಾಜಕೀಯದ ಚರ್ಚೆ ನಮ್ಮ ಕೆಲಸವಲ್ಲ. ಇತಿಹಾಸದ ವಿದ್ಯಾರ್ಥಿಯು ಗಮನಿಸಬೇಕಾದುದು ಬೇರೆ. ಕೆಡವುವ ಮುನ್ನ ಕಾಯಿದೆ ಕೇಳಿದ ಪ್ರಶ್ನೆ, ಈ ಗುಡಿ ರಸ್ತೆಯ ಭೂಮಿಯಲ್ಲಿದೆಯೆ ಎಂಬುದು. ಕೆಡವಿದ ಮೇಲೆ ಬಂದ ಕಾಯಿದೆ ಕೇಳುವ ಪ್ರಶ್ನೆ, ಇಂತಹ ದಿನ ಈ ಕಟ್ಟಡ ಇದ್ದಿತೆ ಎಂಬುದು. ಇದು ಯಾವ ಕಾಲದ್ದು, ಯಾರು ಕಟ್ಟಿಸಿದುದು, ಇದರಲ್ಲಿ ಏನು ಉಳಿದಿದೆ ಎಂಬ ನಮ್ಮ ಪ್ರಶ್ನೆ ಎರಡರಲ್ಲಿಯೂ ಇಲ್ಲ. 2021ರ ಕಾಯಿದೆಯ ಮುಂದೆ ಸಾವಿರ ವರ್ಷದ ಗುಡಿಯೂ ಹಿಂದಿನ ವರ್ಷದ ಗುಡಿಯೂ ಸಮಾನ. ಅದು ಭಕ್ತರ ಭಾವನೆಯನ್ನು ಕಾಯುವ ಕಾಯಿದೆ, ಇತಿಹಾಸವನ್ನು ಕಾಯುವುದಲ್ಲ; ಈ ವಿಷಯದಲ್ಲಿ ಅದು 1958ರ ಕಾಯಿದೆಗಿಂತ ಹಳೆಯ ದಾನಶಾಸನಕ್ಕೆ ಹತ್ತಿರ. ಅದರಿಂದ ರಕ್ಷಿತವಾದ ಗುಡಿಯನ್ನು ನಾಳೆ ಊರಿನವರೇ ಬಿಚ್ಚಿ ಕಾಂಕ್ರೀಟಿನಲ್ಲಿ ಕಟ್ಟಿದರೆ ಆಗುವ ನಷ್ಟಕ್ಕೆ ಅದರಲ್ಲಿ ಉತ್ತರವನ್ನು ನಿರೀಕ್ಷಿಸಲಾಗದು.

ಹುಚ್ಚಗಣಿಯಂತಹ ಗುಡಿಯ ಪ್ರಾಚೀನತೆಯನ್ನು ತೀರ್ಮಾನಿಸಲು ತಹಸೀ́ಲ್ದಾರರ ಕಛೇರಿಯಲ್ಲಿ ಒಂದು ಕಡತ ಬೇಕಾಗಿತ್ತು. ಅಂತಹ ಕಡತಕ್ಕೆ ಬೇಕಾದ ಸಾಮಗ್ರಿಯ ಒಂದು ಭಾಗ ನಮ್ಮ ಗ್ರಂಥಾಲಯಗಳಲ್ಲಿಯೇ ಇದೆ. ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕರಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ನಂಜನಗೂಡು ತಾಲ್ಲೂಕಿನ ಶಾಸನಗಳು ಮೂರನೆಯ ಸಂಪುಟದಲ್ಲಿಯೂ (1974), ತಿರುಮಕೂಡಲು ನರಸೀಪುರದವು ಐದನೆಯ ಸಂಪುಟದಲ್ಲಿಯೂ (1976) ಇವೆ. ಒಂದೊಂದು ಶಾಸನದ ತಲೆಯಲ್ಲಿಯೂ ಊರಿನ ಹೆಸರು, ಕಲ್ಲು ನಿಂತಿರುವ ಜಾಗ ನಮೂದಾಗಿರುತ್ತದೆ: ಇಂತಹ ದೇವಾಲಯದ ಮುಂದೆ, ಇಂತಹ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ. 1894ರ ಸಂಪುಟವನ್ನೂ ಇದನ್ನೂ ಎದುರುಬದುರಾಗಿ ಇಟ್ಟುಕೊಂಡು ಊರೂರಿಗೆ ಹೋದರೆ, ಯಾವ ಕಲ್ಲು ಎಲ್ಲಿತ್ತು, ಈಗ ಎಲ್ಲಿದೆ, ಅದರ ಹಿಂದಿನ ಗುಡಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಗುರುತಿಸಬಹುದು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ಹೋಬಳಿಯನ್ನು ಆರಿಸಿಕೊಂಡರೆ, ಎರಡು ತಾಲ್ಲೂಕುಗಳ ಪಟ್ಟಿ ಕೆಲವೇ ವರ್ಷಗಳಲ್ಲಿ ಸಿದ್ಧವಾದೀತು. ಒಂದು ಪ್ರತಿ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ, ಒಂದು ಪ್ರತಿ ತಾಲ್ಲೂಕು ಕಛೇರಿಗೆ, ಒಂದು ಪ್ರತಿ ಆಯಾ ಗ್ರಾಮ ಪಂಚಾಯಿತಿಗೆ ಸೇರಬೇಕು. ಹುಚ್ಚಗಣಿಯಿರುವ ಹೋಬಳಿಯಿಂದ ಈ ಕೆಲಸವನ್ನು ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.